ಹೇಳಿಕೆ ಮುಟ್ಟಿಸುವ ಕೆಲಸ ಮತ್ತು ಕಂಪ್ಯೂಟರ್

(ಸಂಘದ ರಜತ ಮಹೋತ್ಸವದ ಅಂಗವಾಗಿ ಜರಗಿದ ಸದಸ್ಯರ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಾರ್ಯದರ್ಶಿಯವರು ನನಗೆ ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ಹಿಂದಿನಿಂದ ಸಾಂಬಾರಿನ ಪರಿಮಳ ಬರುವ ಹೊತ್ತಿಗೆ ಭಾಷಣಕ್ಕೆ ನಿಂತವನ ಕಷ್ಟ ನಿಮಗೂ ಗೊತ್ತು, ನನಗೂ ಗೊತ್ತು. ಹಾಗಾಗಿ ಸಹಕಾರ ಚಳವಳಿಯ ಚರಿತ್ರೆಗೆಲ್ಲ ನಾನು ಹೋಗುವುದಿಲ್ಲ. ಮೊಳಹಳ್ಳಿ ಶಿವರಾಯರ ಬಗ್ಗೆ, 1914ರಲ್ಲಿ ಹುಟ್ಟಿದ ನಮ್ಮ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನ ಬಗ್ಗೆ, 1973ರಲ್ಲಿ ಕ್ಯಾಂಪ್ಕೊ ಆದ ಬಗ್ಗೆ ಬೆಳಗ್ಗಿನ ಗೋಷ್ಠಿಯಲ್ಲಿ ಬಲ್ಲವರು ಹೇಳಿಯಾಗಿದೆ. ನನ್ನ ಪಾಲಿಗೆ ಬಂದ ವಿಷಯ ಸಣ್ಣದು. ಸಂಘದಿಂದ ಮಾರಾಟ ಮೇಳವೋ, ಯಂತ್ರಗಳ ಪ್ರಾತ್ಯಕ್ಷಿಕೆಯೋ ಮಾಡುವಾಗ ಜನರನ್ನು ಕರೆಯುವುದು, ಬಂದವರನ್ನು ನೆನಪಿಟ್ಟುಕೊಳ್ಳುವುದು, ಇದಕ್ಕೆ ಕಂಪ್ಯೂಟರನ್ನು ಹೇಗೆ ಬಳಸಬಹುದು ಎಂಬುದು.

ನಾನು ಕಂಪ್ಯೂಟರ್ ಪಂಡಿತ ಅಲ್ಲ. ಮುಂಬಯಿಯಲ್ಲಿ ನೀರಿನ ಪಂಪು ಮಾರುವ ಕೆಲಸದಲ್ಲಿ ಇಪ್ಪತ್ತೆರಡು ವರ್ಷ ಇದ್ದು, ಈಗ ಊರಿನಲ್ಲಿ ತೋಟ ನೋಡಿಕೊಂಡು ಇರುವವನು. ಸಂಘದವರು "ನಿಮಗೆ ಮಾರುವ ಕೆಲಸ ಗೊತ್ತುಂಟಲ್ಲ, ಮೇಳದ ಜವಾಬ್ದಾರಿ ನೋಡಿ" ಎಂದರು, ಒಪ್ಪಿಕೊಂಡೆ. ಹಾಗೆ ಒಪ್ಪಿಕೊಂಡು ಮಾಡಿದ ತಪ್ಪುಗಳೇ ಈ ಭಾಷಣದ ಮುಕ್ಕಾಲು ಪಾಲು.

ನಮ್ಮ ಮೊದಲ ಮೇಳ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ನೆನಪಿಲ್ಲದಿದ್ದರೆ ನನಗೆ ಸಂತೋಷವೇ. ಸಾವಿರದ ಇನ್ನೂರು ಕಾಗದ ಅಚ್ಚು ಹಾಕಿಸಿದ್ದೆವು. ಕಾಳುಮೆಣಸಿನ ಸಸಿ, ಕಸಿ ಗೇರು, ಸ್ಪ್ರೇಯರ್, ಪೈಪು, ಹಾಲು ಕರೆಯುವ ಯಂತ್ರ, ಎಲ್ಲದಕ್ಕೂ ಮಳಿಗೆ ಇತ್ತು. ನಾನೂರು ಜನಕ್ಕೆ ಅಡಿಗೆ ಮಾಡಿಸಿದ್ದೆವು. ಊಟಕ್ಕೆ ಕೂತದ್ದು ನೂರ ಮೂವತ್ತು, ಅದರಲ್ಲಿಯೂ ಮಳಿಗೆಯವರು, ಪೆಂಡಾಲಿನವರು, ನಾವು ನಾವೇ ಸೇರಿ. ಸಂಜೆ ಒಬ್ಬ ಮಳಿಗೆಯವ ನನ್ನ ಹತ್ತಿರ ಬಂದು, "ಸರ್, ಸೊಳ್ಳೆ ಒಳ್ಳೆಯದುಂಟು ನಿಮ್ಮಲ್ಲಿ" ಎಂದು ಹೇಳಿ ಹೋದ.

ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಎರಡು ದಿವಸ ಕಳೆದು ಒಬ್ಬ ತಾಯಿ ಸಂಘದ ಕಚೇರಿಗೆ ಬಂದರು. ಕೈಯಲ್ಲಿ ನಮ್ಮ ಹೇಳಿಕೆ ಕಾಗದ. ಕೌಂಟರಿನ ಮೇಲೆ ಅದನ್ನಿಟ್ಟು ಕೇಳಿದರು, "ಇವರಿಗೆ ಕಾಗದ ಬಂದಿದೆ. ಎಲ್ಲಿಗೆ ಕಳುಹಿಸಲಿ?" ಲಕೋಟೆಯ ಮೇಲೆ ಅವರ ಯಜಮಾನರ ಹೆಸರು. ಅವರು ತೀರಿಕೊಂಡು ಆಗಲೇ ಮೂರು ವರ್ಷ ಆಗಿತ್ತು. ಉತ್ತರಕ್ರಿಯೆಗೆ ನಮ್ಮ ಸಂಘದವರೇ ಹೋಗಿ ಉಂಡು ಬಂದಿದ್ದರು. ಪಾಲು ಬಂಡವಾಳ ಆ ತಾಯಿಯ ಹೆಸರಿಗೆ ವರ್ಗ ಆಗಿ, ವಹಿಯಲ್ಲಿ ಸರಿಯಾಗಿಯೇ ದಾಖಲಾಗಿತ್ತು. ಆದರೆ ಹೇಳಿಕೆಯ ಪಟ್ಟಿ ಯಾವುದೋ ಹಳೆಯ ಮಹಾಸಭೆಯ ಪಟ್ಟಿಯಿಂದ ನಕಲು ಮಾಡಿದ್ದು. ಒಂದೇ ಕೋಣೆಯ ಎರಡು ಕಪಾಟಿನಲ್ಲಿ ಎರಡು ಪಟ್ಟಿ. ಒಂದಕ್ಕೆ ಮನುಷ್ಯ ಸತ್ತದ್ದು ಗೊತ್ತುಂಟು, ಇನ್ನೊಂದಕ್ಕೆ ಗೊತ್ತಿಲ್ಲ.

ಆ ತಾಯಿ ಗಲಾಟೆ ಮಾಡಲಿಲ್ಲ. ಗಲಾಟೆ ಮಾಡಿದ್ದರೆ ಒಳ್ಳೆಯದಿತ್ತು ಎಂದು ನನಗೆ ಅನಿಸಿತು.

ಆವತ್ತಿನಿಂದ ನಾವು ಪಟ್ಟಿಯ ಕೆಲಸಕ್ಕೆ ಕೈ ಹಾಕಿದ್ದು. ಕಂಪ್ಯೂಟರ್ ಬಂದದ್ದು ಆಮೇಲೆ.

ನಮ್ಮ ಕಡೆಯಲ್ಲಿ ಹೇಳಿಕೆ ಎಂಬುದು ಹೊಸತೇನಲ್ಲ. ಮದುವೆಗೆ ಯಾರಿಗೆಲ್ಲ ಕಾಗದ ಕೊಡಬೇಕು ಎಂದು ಹಿಂದಿನ ಮದುವೆಯ ಪುಸ್ತಕ ತೆಗೆದು ನೋಡುವ ಕ್ರಮ ಎಲ್ಲ ಮನೆಯಲ್ಲಿಯೂ ಉಂಟು. ಬ್ರಹ್ಮಕಲಶ ಎಂದರೆ ಬೈಲುವಾರು ಸಮಿತಿ ಆಗುತ್ತದೆ, ಯಾವ ಮನೆಗೆ ಯಾರು ಹೋಗಬೇಕು, ಯಾವ ಮನೆಯಿಂದ ಹೊರೆಕಾಣಿಕೆ ಬರುತ್ತದೆ, ಎಲ್ಲ ಬರೆದಿಡುತ್ತಾರೆ. ಮೂಡುಬಿದಿರೆಯ ಕೋಟಿ-ಚೆನ್ನಯ ಕಂಬಳದಂತಹ ಜೋಡುಕರೆ ಕಂಬಳ ನಡೆಸುವವರಿಗೆ ಯಾರ ಮನೆಯಲ್ಲಿ ಯಾವ ಜೋಡಿ ಕೋಣ, ಅದು ಹಗ್ಗಕ್ಕೋ ನೇಗಿಲಿಗೋ, ಓಡಿಸುವವ ಯಾರು ಎಂದು ಬಾಯಿಪಾಠ. ಕಟೀಲು ಮೇಳದ ಆಟದ ಸೇವೆ ಹೇಳಿಕೊಂಡವರ ಹೆಸರು ವರ್ಷಗಟ್ಟಲೆ ಪುಸ್ತಕದಲ್ಲಿ ಕಾದು ಕೂತಿರುತ್ತದೆ. ಅಜ್ಜ ಹೇಳಿಕೊಂಡ ಆಟವನ್ನು ಮೊಮ್ಮಗ ಆಡಿಸಿದ ಮನೆಗಳನ್ನು ನಾನು ಕಂಡಿದ್ದೇನೆ. ಈ ಪುಸ್ತಕಗಳೇ ನಮ್ಮ ಸಂಪರ್ಕ ಪಟ್ಟಿಗಳು. ತೊಂದರೆ ಎಂದರೆ ಹೆಚ್ಚಿನ ಕಡೆ ಅರ್ಧ ಪುಸ್ತಕದಲ್ಲಿ ಇರುತ್ತದೆ, ಅರ್ಧ ಒಬ್ಬರ ತಲೆಯಲ್ಲಿ. ನಮ್ಮ ಸಂಘದಲ್ಲಿಯೂ ಹಾಗೆ ಒಬ್ಬರು ಗುಮಾಸ್ತರು ಇದ್ದರು. ಸಾವಿರ ಮನೆಯ ದಾರಿ, ನಾಯಿ, ಜಗಳ ಎಲ್ಲ ಅವರಿಗೆ ಗೊತ್ತಿತ್ತು. ಅವರು ನಿವೃತ್ತಿಯಾದ ದಿನ ನಾವು ಶಾಲು ಹೊದೆಸಿ, ಹಣ್ಣು ಹಂಪಲು ಕೊಟ್ಟು, ಸಂಘದ ಅತ್ಯಂತ ಬೆಲೆಬಾಳುವ ಪಟ್ಟಿಯನ್ನು ಅವರ ತಲೆಯಲ್ಲಿಯೇ ಮನೆಗೆ ಕಳುಹಿಸಿಕೊಟ್ಟೆವು.

ನಾನು ಮುಂಬಯಿಯಲ್ಲಿ ಕೆಲಸಕ್ಕೆ ಸೇರಿದಾಗ ಇದಕ್ಕೆ ಇದ್ದದ್ದು ಕಾರ್ಡಿನ ಡಬ್ಬ. ಒಬ್ಬ ಗಿರಾಕಿಗೆ ಒಂದು ಕಾರ್ಡು. ಹೆಸರು, ಫೋನು, ಅದರ ಕೆಳಗೆ ಯಾವತ್ತು ಮಾತಾಡಿದೆ, ಏನು ಹೇಳಿದ, ಮತ್ತೆ ಯಾವಾಗ ಹೋಗಬೇಕು. ಆಮೇಲೆ ಕಂಪೆನಿಗೆ ಕಂಪ್ಯೂಟರ್ ಬಂತು, ಅದರಲ್ಲಿ ಈ ಕಾರ್ಡಿನ ಡಬ್ಬದ ಕೆಲಸ ಮಾಡುವ ಒಂದು ತಂತ್ರಾಂಶವೂ ಬಂತು. ಅಮೆರಿಕದಲ್ಲಿ ಪ್ಯಾಟ್ ಸಲಿವನ್, ಮೈಕ್ ಮುಹ್ನಿ ಎಂಬಿಬ್ಬರು 1987ರಲ್ಲಿ 'ಆಕ್ಟ್' ಎಂಬ ತಂತ್ರಾಂಶ ತಂದರು. ಸಂಪರ್ಕ ನಿರ್ವಹಣೆಯ ತಂತ್ರಾಂಶಗಳಲ್ಲಿ ಮೊದಲಿಗೆ ಹೆಸರು ಮಾಡಿದವುಗಳಲ್ಲಿ ಅದೊಂದು. ಬೆಳಗ್ಗೆ ಕಂಪ್ಯೂಟರ್ ತೆರೆದರೆ "ಇವತ್ತು ಈ ಆರು ಜನರಿಗೆ ಫೋನು ಮಾಡಲಿಕ್ಕುಂಟು" ಎಂದು ತೋರಿಸುತ್ತಿತ್ತು. ನನಗೆ ಅದು ದೊಡ್ಡ ಆಶ್ಚರ್ಯ. ಫೋನು ಪುಸ್ತಕ ನಂಬ್ರ ಮಾತ್ರ ಹೇಳುತ್ತದೆ. ಇದು ಕಳೆದ ಸಲ ಏನು ಮಾತಾಯಿತು, ನೀನು ಏನು ಮಾಡುತ್ತೇನೆ ಎಂದು ಹೇಳಿದ್ದೆ ಎಂದೂ ಹೇಳುತ್ತದೆ. ಮಾರುವವನ ಮರೆವಿಗೆ ಅದು ಮದ್ದು.

ಈಗ ಇಂಥವು ನೂರಾರು ಉಂಟು, ಧರ್ಮಕ್ಕೆ ಸಿಗುವವೂ ಉಂಟು. ನಮ್ಮಂತಹ ಸಂಘಕ್ಕೆ, ಸಾವಿರ ಸಾವಿರದೈನೂರು ಮನೆಗಳಿಗೆ, ಎಕ್ಸೆಲ್‌ನಂತಹ ಸಾದಾ ಕೋಷ್ಟಕವೂ ಸಾಕಾಗುತ್ತದೆ. ದೊಡ್ಡ ತಂತ್ರಾಂಶ ಮಾರಲು ಬಂದವರು ಪರದೆಯ ಮೇಲೆ ಬಣ್ಣ ಬಣ್ಣದ ಚಕ್ರ ತೋರಿಸಿ ವರ್ಷಕ್ಕೆ ಇಷ್ಟು ಎಂದು ಹೇಳುತ್ತಾರೆ. ಮೊದಲು ಒಂದು ವರ್ಷ ಸಾದಾ ಕೋಷ್ಟಕದಲ್ಲಿ ಶಿಸ್ತಿನಿಂದ ಬರೆಯಲು ನಮ್ಮಿಂದ ಆಗುತ್ತದೋ ನೋಡೋಣ, ಆದರೆ ಆಮೇಲೆ ತೆಗೆದುಕೊಳ್ಳೋಣ ಎಂದು ನಾನು ಆಡಳಿತ ಮಂಡಳಿಗೆ ಹೇಳಿದೆ. ಬರೆಯುವ ಅಭ್ಯಾಸ ಇಲ್ಲದವನಿಗೆ ಬಂಗಾರದ ಪೆನ್ನು ಕೊಟ್ಟು ಏನು ಪ್ರಯೋಜನ?

ಈಗ ಪಟ್ಟಿ ಮಾಡಿದ ಕತೆ ಹೇಳುತ್ತೇನೆ. ಇದರಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಕಷ್ಟ ಇರುವುದು ಇಲ್ಲಿ.

ಮೊದಲನೆಯ ಕಷ್ಟ ನಮ್ಮ ಊರುಗಳ ಹೆಸರೇ. ನಮ್ಮ ಸಂಘದ ವ್ಯಾಪ್ತಿ ಏನೇ ಇರಲಿ, ಮೇಳಕ್ಕೆ ಬರುವವರು ಮೂರು ತಾಲೂಕಿನವರು. ಮೂಡುಬಿದಿರೆ ಎಂದು ಒಬ್ಬ ಬರೆದ, ಮೂಡಬಿದ್ರೆ ಎಂದು ಇನ್ನೊಬ್ಬ, ಮೂಡಬಿದ್ರಿ ಎಂದು ಮತ್ತೊಬ್ಬ, ಬೆದ್ರ ಎಂದು ನಮ್ಮ ಹಳೆಯ ನಿರ್ದೇಶಕರು. ಇಂಗ್ಲಿಷಿನಲ್ಲಿ ಬರೆಯ ಹೊರಟರೆ ಬೆಳ್ತಂಗಡಿಗೆ ನಾಲ್ಕು ತರಹದ ಅಕ್ಷರ, ಬಂಟ್ವಾಳಕ್ಕೆ ಮೂರು. ನಮಗೆ ಎಲ್ಲ ಒಂದೇ ಊರು. ಕಂಪ್ಯೂಟರಿಗೆ ಅವು ಬೇರೆ ಬೇರೆ ಊರು. "ಮೂಡುಬಿದಿರೆಯವರ ಪಟ್ಟಿ ಕೊಡು" ಎಂದರೆ ಅದು ಮೂರರಲ್ಲಿ ಒಂದು ಪಾಲಿನವರನ್ನು ಕೊಟ್ಟು ಸುಮ್ಮನೆ ಕೂತುಕೊಳ್ಳುತ್ತದೆ. ಅದರ ಮೇಲೆ ಮೂಡುಬಿದಿರೆ ಪ್ರತ್ಯೇಕ ತಾಲೂಕಾದ ಮೇಲೂ ಹಳೆಯ ವಿಳಾಸಗಳಲ್ಲಿ ಮಂಗಳೂರು ತಾಲೂಕು ಎಂದೇ ಉಳಿದಿತ್ತು. ಕೊನೆಗೆ ನಾವು ಊರಿನ ಹೆಸರನ್ನು ನಂಬುವುದು ಬಿಟ್ಟು ಪಿನ್ ಕೋಡ್ ಹಿಡಿದೆವು. ಬಂಟ್ವಾಳ 574211, ಬೆಳ್ತಂಗಡಿ 574214, ಮೂಡುಬಿದಿರೆ 574227. ಅಂಕೆಗೆ ಕಾಗುಣಿತದ ಉಪದ್ರ ಇಲ್ಲ. ಹಾಗೆಯೇ ಹಳ್ಳಿ ಅಂಚೆ ಕಚೇರಿಗಳ ಪಿನ್ ಕೂಡ ಬರೆದು, ಅದರಲ್ಲಿ ಬೈಲಿನ ಹೆಸರಿಗೆ ಬೇರೆ ಕಂಬ ಮಾಡಿದೆವು.

ಎರಡನೆಯದು ಮನುಷ್ಯರ ಹೆಸರು. ಒಂದು ಗ್ರಾಮದಲ್ಲಿ ನಾರಾಯಣ ಎಷ್ಟು ಜನ, ಕೃಷ್ಣಪ್ಪ ಎಷ್ಟು ಜನ, ಅಬ್ದುಲ್ ರಹಿಮಾನ್ ಎಷ್ಟು ಜನ, ಲೆಕ್ಕ ಹಾಕಿ ನೋಡಿ. ಪೂಜಾರಿ, ಶೆಟ್ಟಿ, ಗೌಡ, ಭಟ್, ಡಿಸೋಜ ಎಂದು ಸೇರಿಸಿದರೂ ಬಗೆಹರಿಯುವುದಿಲ್ಲ. ನಮ್ಮ ಹಿರಿಯರು ಇದಕ್ಕೆ ಯಾವತ್ತೋ ದಾರಿ ಕಂಡುಕೊಂಡಿದ್ದಾರೆ: ಮನೆಯ ಹೆಸರು. ಹೊರಗಿನವರು ಮಾಡಿದ ತಂತ್ರಾಂಶದಲ್ಲಿ ಮನೆ ಹೆಸರಿಗೆ ಜಾಗವೇ ಇರುವುದಿಲ್ಲ, ಮನೆ ನಂಬ್ರ ಕೇಳುತ್ತದೆ. ನಾವು ಮನೆ ಹೆಸರನ್ನೇ ಮೊದಲ ಕಂಬ ಮಾಡಿದೆವು. ಮನೆಗೆ ಒಂದು ಸಾಲು, ಅದರ ಒಳಗೆ ಜನ. ಆಮೇಲೆ ಒಂದೇ ಮನೆಗೆ ನಾಲ್ಕು ಕಾಗದ ಹೋಗುವುದು ನಿಂತಿತು.

ಮೂರನೆಯದು ಫೋನು. ಹಳೆಯ ಪುಸ್ತಕದಲ್ಲಿದ್ದ ನಂಬ್ರ ಹೆಚ್ಚಿನದ್ದು ಸ್ಥಿರ ದೂರವಾಣಿ. ಬಂಟ್ವಾಳದ 08255, ಬೆಳ್ತಂಗಡಿಯ 08256, ಮೂಡುಬಿದಿರೆಯ 08258 ನೋಡಿ ನನಗೆ ಹಳೆಯ ಗೆಳೆಯರನ್ನು ಕಂಡ ಹಾಗಾಯಿತು, ಆದರೆ ತಿರುಗಿಸಿದರೆ ಅರ್ಧಕ್ಕರ್ಧ ಸತ್ತು ಹೋಗಿದ್ದವು. ಮೊಬೈಲ್ ನಂಬ್ರ ಇದ್ದಲ್ಲಿ ಇನ್ನೊಂದು ಅವಸ್ಥೆ. ಫೋನು ಬೆಂಗಳೂರಿನಲ್ಲಿರುವ ಮಗನ ಕೈಯಲ್ಲಿ. ಅಪ್ಪನಿಗೆ ಕಾಳುಮೆಣಸಿನ ಸಸಿ ಬಂದ ಸುದ್ದಿ ಮಗನಿಗೆ ಹೋಗುತ್ತದೆ. ಅವನು ಆಫೀಸಿನಲ್ಲಿ ಕೂತು ನೋಡಿ ಸುಮ್ಮನಾಗುತ್ತಾನೆ. ಅದಕ್ಕೆ ನಂಬ್ರದ ಪಕ್ಕದಲ್ಲಿ "ಯಾರ ಕೈಯಲ್ಲಿ" ಎಂದು ಒಂದು ಕಂಬ ಹಾಕಿದೆವು. ದನ ಇರುವ ಮನೆಗಳಲ್ಲಿ ಹಿಂಡಿ, ಮೇವು, ಯಂತ್ರ ಎಲ್ಲ ತೀರ್ಮಾನ ಮಾಡುವುದು ಹೆಂಗಸರು. ಹೇಳಿಕೆ ಮಾತ್ರ ಗಂಡಸರ ಹೆಸರಿಗೆ ಹೋಗುತ್ತಿತ್ತು. ಅದನ್ನೂ ಸರಿ ಮಾಡಿದೆವು. ಯಾವ ಹೊತ್ತಿಗೆ ಫೋನು ಮಾಡಿದರೆ ಸಿಗುತ್ತಾರೆ ಎಂಬುದೂ ಬೇಕು. ಹಾಲು ಕರೆಯುವ ಹೊತ್ತಿಗೆ ಫೋನು ಮಾಡಿ ಬೈಸಿಕೊಂಡದ್ದು ನಾನೇ.

ಕನ್ನಡದಲ್ಲಿ ಬರೆಯುವುದೋ ಇಂಗ್ಲಿಷಿನಲ್ಲೋ ಎಂಬ ಚರ್ಚೆ ಬಂತು. ಕನ್ನಡದಲ್ಲೇ ಎಂದು ಹಟ ಹಿಡಿದೆ. ಕನ್ನಡದ ಕೀಲಿಮಣೆಗೆ ಈಗಿನ ರೂಪ ಕೊಟ್ಟ ಕೆ. ಪಿ. ರಾಯರು ನಮ್ಮ ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು. ಅವರ ಊರಿನ ಪಕ್ಕದಲ್ಲಿ ಇದ್ದುಕೊಂಡು ನಮ್ಮ ಸದಸ್ಯರ ಹೆಸರನ್ನು ಇಂಗ್ಲಿಷಿನಲ್ಲಿ ತಪ್ಪು ತಪ್ಪು ಬರೆಯುವುದು ಸರಿ ಕಾಣಲಿಲ್ಲ.

ಆಮೇಲೆ ಏನು ಬರೆಯಬಾರದು ಎಂಬ ಪ್ರಶ್ನೆ. ಇದರಲ್ಲಿ ಮಂಡಳಿಯ ಸಭೆಯಲ್ಲಿ ಸ್ವಲ್ಪ ಬಿಸಿ ಆಯಿತು. ಒಬ್ಬರು, "ಸಾಲ ಬಾಕಿ ಇರುವವರ ಹೆಸರಿನ ಎದುರು ಗುರುತು ಹಾಕಿ, ಅವರಿಗೆ ಮೇಳದ ಹೇಳಿಕೆ ಯಾಕೆ?" ಎಂದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಸಾಲದ ಲೆಕ್ಕಕ್ಕೆ ಬೇರೆ ವಹಿ ಉಂಟು, ಅದನ್ನು ನೋಡುವ ಅಧಿಕಾರ ಯಾರಿಗೆ ಎಂಬುದಕ್ಕೆ ನಿಯಮ ಉಂಟು. ಮೇಳದ ಪಟ್ಟಿ ಹತ್ತು ಜನ ಸ್ವಯಂಸೇವಕರ ಕೈಯಲ್ಲಿ ತಿರುಗುವಂಥದ್ದು. ಅದರಲ್ಲಿ ಒಬ್ಬನ ಬಾಕಿ ಬರೆದರೆ ಸಂಜೆಗೆ ಇಡೀ ಬೈಲಿಗೆ ಗೊತ್ತಾಗುತ್ತದೆ. ಅಡಿಕೆಗೆ ಕೊಳೆರೋಗವೋ ಎಲೆಚುಕ್ಕಿ ರೋಗವೋ ಬಂದು ಬೆಳೆ ಹೋದವನೇ ಬಾಕಿ ಆಗುವುದು. ಔಷಧಿ, ಸ್ಪ್ರೇಯರ್ ಬೇಕಾದದ್ದೂ ಅವನಿಗೇ. ಜಾತಿ, ಪಕ್ಷ, ಇವೂ ಬೇಡ ಎಂದು ಬರೆಸಿದೆ. ಬೇಕಾದದ್ದು ಏನು ಬೆಳೆಯುತ್ತಾರೆ, ಕಳೆದ ಸಲ ಏನು ಕೇಳಿದರು, ನಾವು ಏನು ಹೇಳಿದೆವು, ಇಷ್ಟೇ.

ಎರಡನೆಯ ಮೇಳಕ್ಕೆ ದಿನ ನೋಡುವಾಗಲೇ ಪಟ್ಟಿ ಕೆಲಸಕ್ಕೆ ಬಂತು. ಮೊದಲನೆಯದನ್ನು ನಾವು ಮೇ ತಿಂಗಳ ಒಂದು ಆದಿತ್ಯವಾರ ಇಟ್ಟಿದ್ದೆವು, ಮದುವೆಯ ಮುಹೂರ್ತ ಎಷ್ಟು ಉಂಟೆಂದು ನೋಡದೆ. ನವೆಂಬರಿನಿಂದ ಅಡಿಕೆ ಕೊಯ್ಲು, ಕಂಬಳ, ಆಟ, ಎಪ್ರಿಲ್ ಮೇ ಮದುವೆ, ಗೃಹಪ್ರವೇಶ, ಆಟಿಯಲ್ಲಿ ಮಳೆ. ಪತ್ತನಾಜೆ ಕಳೆದು, ಮೇಳಗಳು ಗೆಜ್ಜೆ ಬಿಚ್ಚಿ, ಮಳೆ ಹಿಡಿಯುವ ಮೊದಲು ಒಂದು ಸಣ್ಣ ಸಂದು ಸಿಗುತ್ತದೆ. ಸಸಿ ನೆಡುವುದಕ್ಕೂ, ಬೋರ್ಡೋ ಬಿಡುವ ತಯಾರಿಗೂ ಅದೇ ಸಮಯ. ಆ ಸಂದಿಗೆ ಇಟ್ಟೆವು.

ಎಲ್ಲರಿಗೂ ಎಲ್ಲದಕ್ಕೂ ಹೇಳಿಕೆ ಕಳುಹಿಸುವುದನ್ನು ಬಿಟ್ಟೆವು. ಕಾಳುಮೆಣಸು ಇರುವವರನ್ನು ಬೇರೆ ತೆಗೆದೆವು, ದನ ಇರುವವರನ್ನು ಬೇರೆ, ಅಡಿಕೆ ತೋಟಕ್ಕೆ ಜನ ಸಿಗುವುದಿಲ್ಲ ಎಂದು ಹೇಳಿಕೊಂಡವರನ್ನು ಬೇರೆ. ಕೊನೆಯವರಿಗೆ ಕಾರ್ಬನ್ ಫೈಬರ್ ದೋಟಿಯ ಪ್ರಾತ್ಯಕ್ಷಿಕೆ ಉಂಟು ಎಂದು ಮಾತ್ರ ಬರೆದೆವು. ಮರ ಹತ್ತದೆ ನೆಲದಲ್ಲಿ ನಿಂತು ಗೊನೆ ತೆಗೆಯುವ, ಔಷಧಿ ಬಿಡುವ ಸಾಧನ ಎಂದರೆ ಸಾಕು, ಬೇರೆ ಬಣ್ಣದ ಮಾತು ಬೇಡ. ಬೇಕಾದವನಿಗೆ ಬೇಕಾದ ಸುದ್ದಿ ಹೋದರೆ ಅವನು ಬರುತ್ತಾನೆ, ಬೇಡದ ಸುದ್ದಿ ಮೂರು ಸಲ ಹೋದರೆ ನಾಲ್ಕನೆಯ ಸಲ ಬೇಕಾದ್ದನ್ನೂ ಓದುವುದಿಲ್ಲ.

ವಾಟ್ಸಾಪಿನಲ್ಲಿ ಕಳುಹಿಸುವುದು ಸುಲಭ ಎಂದು ನಮ್ಮ ಹುಡುಗರು ಹೇಳಿದರು. ಒಂದು ಪಟ್ಟಿ ಮಾಡಿ ಎಲ್ಲರಿಗೂ ಒಟ್ಟಿಗೆ ಕಳುಹಿಸುವ ಕ್ರಮ ಉಂಟಲ್ಲ, ನಾವು ಮಾಡಿದಾಗ ಒಂದು ಪಟ್ಟಿಗೆ 256 ಜನರ ಮಿತಿ ಇತ್ತು. ಅದು ದೊಡ್ಡ ಸಂಗತಿ ಅಲ್ಲ, ನಾಲ್ಕು ಪಟ್ಟಿ ಮಾಡಿದರಾಯಿತು. ಆದರೆ ಸಂಘದ ನಂಬ್ರವನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಟ್ಟವರಿಗೆ ಮಾತ್ರ ಅದು ಮುಟ್ಟುತ್ತದೆ ಎಂಬುದು ನಮಗೆ ಗೊತ್ತಿರಲಿಲ್ಲ. ನಾವು ಕಳುಹಿಸಿದೆವು, ಕಳುಹಿಸಿದೆವು ಎಂದು ಸಮಾಧಾನದಲ್ಲಿ ಇದ್ದೆವು, ಅತ್ತ ಮುಟ್ಟಿರಲಿಲ್ಲ. ಆಮೇಲೆ ಗೊಬ್ಬರದ ರಶೀದಿಯ ಹಿಂದೆ "ಈ ನಂಬ್ರ ಸೇವ್ ಮಾಡಿಕೊಳ್ಳಿ" ಎಂದು ಮೊಹರು ಹೊಡೆದು ಕೊಟ್ಟೆವು. ಎಸ್ಸೆಮ್ಮೆಸ್ ದಾರಿಗೂ ಹೋದೆವು. ದೂರಸಂಪರ್ಕ ಪ್ರಾಧಿಕಾರದ 2018ರ ನಿಯಮದಂತೆ ಕಳುಹಿಸುವ ಸಂಸ್ಥೆಯ ಹೆಸರು, ಸಂದೇಶದ ವಾಕ್ಯದ ಮಾದರಿ ಎರಡನ್ನೂ ಮೊದಲೇ ನೋಂದಾಯಿಸಬೇಕು. ನೋಂದಾವಣೆ ಆಗುವಾಗ ನಮ್ಮ ಮೇಳ ಮುಗಿದಿತ್ತು! ಮೊದಲೇ ಮಾಡಿಟ್ಟುಕೊಳ್ಳಿ.

ಇನ್ನು ಘಟ್ಟದ ಬುಡದ ಕಡೆ, ದಿಡುಪೆ, ಮಲವಂತಿಗೆ, ಕುತ್ಲೂರು ಹಾಗಿರುವ ಊರುಗಳಲ್ಲಿ ಎಲ್ಲ ಕಡೆ ಸಿಗ್ನಲ್ ಇದೆ ಎಂದು ಲೆಕ್ಕ ಹಾಕಬಾರದು. ಅಲ್ಲಿಗೆ ಕಂಪ್ಯೂಟರಿನಿಂದ ಪಟ್ಟಿ ಅಚ್ಚು ತೆಗೆದು, ಬೆಳಗ್ಗೆ ಹಾಲಿನ ಡಿಪೋದಲ್ಲಿ ಸಿಗುವ ಮನೆ ಯಾವುದು, ಅಂಗಡಿಯಲ್ಲಿ ಹೇಳಿದರೆ ಸಾಕಾಗುವ ಮನೆ ಯಾವುದು ಎಂದು ಗುರುತು ಹಾಕಿ ಜನ ಕಳುಹಿಸಿದೆವು. ಬಾಯಿಯ ಹೇಳಿಕೆಗೆ ಸಮ ಯಾವುದೂ ಇಲ್ಲ ಎಂಬ ಮಾತು ಹಿರಿಯರು ಹೇಳುತ್ತಾರೆ, ನಾನು ಅದನ್ನು ಅಲ್ಲಗಳೆಯುವುದಿಲ್ಲ. ಯಾರಿಗೆ ಬಾಯಿಯಲ್ಲಿ ಹೇಳಬೇಕು ಎಂದು ಪಟ್ಟಿ ಹೇಳಿತು, ಅಷ್ಟೆ.

ಮೇಳದ ದಿನ ಬಾಗಿಲಲ್ಲಿ ಕಂಪ್ಯೂಟರ್ ಇಟ್ಟು ಬಂದವರ ಹೆಸರು ಬರೆಯುತ್ತೇವೆ ಎಂದು ಹೊರಟೆವು. ಹತ್ತು ಗಂಟೆಗೆ ಕರೆಂಟು ಹೋಯಿತು, ಬಾಗಿಲಲ್ಲಿ ಜನ ಸಾಲು ನಿಂತರು. ಒಂದು ಹುಡುಗಿ ಪುಣ್ಯಕ್ಕೆ ಚೀಟಿ ಹರಿದು ನಂಬ್ರ ಹಾಕಿ ಕೊಟ್ಟಳು. ಚೀಟಿಯ ಒಂದು ಅರ್ಧದಲ್ಲಿ ಮನೆ ಹೆಸರು, ಇನ್ನೊಂದು ಅರ್ಧದಲ್ಲಿ "ಏನು ನೋಡಲು ಬಂದಿರಿ". ಸಂಜೆ ಕೂತು ಕಂಪ್ಯೂಟರಿಗೆ ಹಾಕಿದೆವು. ಈಗಲೂ ಅದೇ ಕ್ರಮ ಇಟ್ಟುಕೊಂಡಿದ್ದೇವೆ. ಬಂದವರನ್ನು ಬಿಸಿಲಲ್ಲಿ ನಿಲ್ಲಿಸಿ ಟೈಪು ಮಾಡುವುದು ಮರ್ಯಾದೆ ಅಲ್ಲ.

ಮೇಳ ಮುಗಿದ ಮೇಲಿನ ವಾರ, ನನ್ನ ಲೆಕ್ಕದಲ್ಲಿ, ಮೇಳದ ದಿನಕ್ಕಿಂತ ದೊಡ್ಡದು. ಪೆಂಡಾಲು ಬಿಚ್ಚಿದ ಕೂಡಲೇ ಎಲ್ಲರೂ ಸುಸ್ತು ಎಂದು ಮಲಗುತ್ತಾರೆ. ನಾವು ಈ ಸಲ ಚೀಟಿ ತೆಗೆದುಕೊಂಡು, ಏನು ಕೇಳಿದ್ದರೋ ಅವರಿಗೆಲ್ಲ ಫೋನು ಮಾಡಿದೆವು. ದೋಟಿಯ ಕ್ರಯ ಕೇಳಿ, "ಇಷ್ಟಾ?" ಎಂದು ಹಿಂದೆ ಸರಿದವರು ತುಂಬಾ ಜನ ಇದ್ದರು. ಬೈಲಿನ ಪ್ರಕಾರ ಪಟ್ಟಿ ಮಾಡಿಸಿ ನೋಡಿದಾಗ ಒಂದೇ ಬೈಲಿನ ನಾಲ್ಕು ಮನೆಯವರು ಬೇರೆ ಬೇರೆಯಾಗಿ ಬಂದು, ಕ್ರಯ ಕೇಳಿ, ಬೇರೆ ಬೇರೆಯಾಗಿ ಹಿಂದೆ ಹೋದದ್ದು ಕಂಡಿತು. ಒಬ್ಬರು ಕೇಳಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ನಾಲ್ವರನ್ನೂ ಕೇಳಿ ಒಟ್ಟಿಗೆ ಕೂರಿಸಿದೆವು. ಭಟ್ರು, ಗೌಡ್ರು, ಇಬ್ಬರು ಪೂಜಾರಿಗಳು. ಎರಡು ಗಂಟೆ ಮಾತಾಗಿ, ನಾಲ್ಕು ಮನೆಗೆ ಸೇರಿ ಒಂದು ದೋಟಿ ತೆಗೆದುಕೊಂಡರು. ಯಾರ ತೋಟಕ್ಕೆ ಯಾವ ವಾರ ಎಂದು ಈಗ ಅವರೇ ಒಂದು ಪುಸ್ತಕ ಇಟ್ಟಿದ್ದಾರೆ. ಸಂಘಕ್ಕೆ ಅದರಲ್ಲಿ ಬಂದ ಲಾಭ ಬಹಳ ಸಣ್ಣ ರಖಂ. ಆದರೂ ಕಂಪ್ಯೂಟರಿಗೆ ಹಾಕಿದ ಖರ್ಚು ಆವತ್ತು ವಸೂಲಾಯಿತು ಎಂದು ನಾನು ಬರೆದುಕೊಂಡೆ.

ಈಗ ನಾಚಿಕೆಯ ಒಂದು ಸಂಗತಿ. ಎರಡನೆಯ ಮೇಳದಲ್ಲಿ ಮಳಿಗೆ ಹಾಕಿದ್ದ ಒಂದು ಕಂಪೆನಿಯವರು, ಹೆಸರು ಬೇಡ, ಬಂದವರ ಪಟ್ಟಿ ಕೊಡಿ, ನಮ್ಮ ಕಡೆಯಿಂದಲೂ ಫೋನು ಮಾಡುತ್ತೇವೆ ಎಂದು ಕೇಳಿದರು. ಮಳಿಗೆಗೆ ಒಳ್ಳೆಯ ಬಾಡಿಗೆ ಕೊಟ್ಟಿದ್ದರು. ನಾನು ಪೆನ್‌ಡ್ರೈವಿನಲ್ಲಿ ಹಾಕಿ ಕೊಟ್ಟುಬಿಟ್ಟೆ. ಯಾರನ್ನೂ ಕೇಳಲಿಲ್ಲ. ಹದಿನೈದು ದಿನದಲ್ಲಿ ಸದಸ್ಯರಿಗೆ ಎಲ್ಲೆಲ್ಲಿಂದಲೋ ಫೋನು ಬರಲು ಸುರುವಾಯಿತು. ವಿಮೆಯವರು, ಸಾಲ ಕೊಡುವವರು, ಜಾಗೆ ಮಾರುವವರು. ಒಬ್ಬ ಹಿರಿಯ ಸದಸ್ಯರು ನೇರ ನನ್ನ ಮನೆಗೇ ಬಂದು ಜಗಲಿಯಲ್ಲಿ ಕೂತು ಕೇಳಿದರು, "ಎನ್ನ ನಂಬ್ರ ಏರ್ ಕೊರ್ನಿ?" ಅವರಿಗೆ ಫೋನು ಮಾಡಿದವ ಹೆಸರು, ಮನೆ, ತೋಟದ ವಿಸ್ತೀರ್ಣ ಎಲ್ಲ ಸರಿಯಾಗಿ ಹೇಳಿ, ಬ್ಯಾಂಕಿನವನೆಂದು ಹೇಳಿ, ಫೋನಿಗೆ ಬಂದ ಒಟಿಪಿ ಕೇಳಿದ್ದಾನೆ. ಪುಣ್ಯಕ್ಕೆ ಕನ್ನಡಕ ಸಿಗದೆ ಅವರು ಹೇಳಲಿಲ್ಲ. ಕನ್ನಡಕ ಸಿಕ್ಕಿದ್ದರೆ ಏನಾಗುತ್ತಿತ್ತೋ. ನಾನು ಕೊಟ್ಟ ಪಟ್ಟಿಯಿಂದಲೇ ಅವನಿಗೆ ಸಿಕ್ಕಿತೋ, ಬೇರೆ ಕಡೆಯಿಂದಲೋ, ಸಾಬೀತು ಮಾಡಲು ಆಗುವುದಿಲ್ಲ. ಆದರೆ ತೋಟದ ವಿಸ್ತೀರ್ಣ ನಮ್ಮ ಪಟ್ಟಿಯಲ್ಲಿ ಇತ್ತು.

ಕೊಟ್ಟದ್ದು ನಾನೇ ಎಂದು ಅವರಿಗೆ ಹೇಳಿದೆ. ಅವರು ತುಂಬಾ ಹೊತ್ತು ಏನೂ ಹೇಳಲಿಲ್ಲ. ಮಜ್ಜಿಗೆ ಕುಡಿದರು. ಹೋಗುವಾಗ, "ನಿಮಗೆ ಬರೆಸಿದ್ದು, ಅವನಿಗಲ್ಲ" ಎಂದರು.

2023ರಲ್ಲಿ ಕೇಂದ್ರ ಸರಕಾರ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಒಂದು ಕಾಯಿದೆ ಮಾಡಿದೆ. ಯಾವ ಕಾರಣಕ್ಕೆ ಮಾಹಿತಿ ತೆಗೆದುಕೊಂಡಿರೋ ಅದನ್ನು ಹೇಳಿ, ಒಪ್ಪಿಗೆ ಪಡೆದು, ಆ ಕಾರಣಕ್ಕೇ ಬಳಸಬೇಕು ಎಂಬುದು ಅದರ ಮುಖ್ಯ ತಿರುಳು. ಕಾಯಿದೆ ದೊಡ್ಡ ಪುಸ್ತಕ. ನಮ್ಮ ಆ ಹಿರಿಯ ಸದಸ್ಯರು ನಾಲ್ಕು ಶಬ್ದದಲ್ಲಿ ಹೇಳಿ ಮುಗಿಸಿದರು. ಅದರ ಮೇಲೆ ಮಂಡಳಿಯಲ್ಲಿ ನಿರ್ಣಯ ಮಾಡಿದ್ದೇವೆ: ಪಟ್ಟಿ ಸಂಘದ ಕಟ್ಟಡದಿಂದ ಹೊರಗೆ ಹೋಗುವಂತಿಲ್ಲ. ಕಂಪೆನಿಯವರಿಗೆ ಏನಾದರೂ ತಿಳಿಸಲಿಕ್ಕಿದ್ದರೆ ಕರಪತ್ರ ನಮಗೆ ಕೊಡಲಿ, ನೋಡಿ ಯೋಗ್ಯ ಎಂದಾದರೆ ನಾವು ಮುಟ್ಟಿಸುತ್ತೇವೆ. ಅಲ್ಲಿಗೆ ಒಂದು ಮಳಿಗೆಯವರು ಬರುವುದನ್ನು ನಿಲ್ಲಿಸಿದರು. ನಿಲ್ಲಿಸಲಿ. ಹಾಗೆಯೇ ಸಂದೇಶ ಎಲ್ಲ ಸಂಘದ ನಂಬ್ರದಿಂದಲೇ ಹೋಗಬೇಕು, ಸಿಬ್ಬಂದಿಯ ಸ್ವಂತ ಫೋನಿನಿಂದ ಅಲ್ಲ. ನೌಕರಿ ಬಿಟ್ಟು ಹೋಗುವವನ ಜೇಬಿನಲ್ಲಿ ಸಾವಿರ ಮನೆ ಹೋಗಬಾರದು.

ಇನ್ನೊಂದು ಮಾತು ಬಿಟ್ಟೆ, ಸಿಡಿಲು. ತುಲಾ ತಿಂಗಳ ಒಂದು ಸಂಜೆ ಸಿಡಿಲು ಬಡಿದು ಕಚೇರಿಯ ಮೋಡೆಮ್ಮೂ ಕಂಪ್ಯೂಟರೂ ಒಟ್ಟಿಗೆ ಹೋದವು. ಪ್ರತಿ ತೆಗೆದಿಟ್ಟದ್ದು ಮೂರು ತಿಂಗಳು ಹಳತು. ಮೂರು ತಿಂಗಳ ಮಾತುಕತೆ ಎಲ್ಲ ಹೋಯಿತು, ನಾಲ್ಕು ಜನ ಕೂತು ನೆನಪಿನಿಂದ ಬರೆದೆವು. ಈಗ ಶನಿವಾರ ಸಂಜೆ ಕಚೇರಿ ಮುಚ್ಚುವ ಮೊದಲು ಎರಡು ಪ್ರತಿ ತೆಗೆದು, ಒಂದನ್ನು ಬಂಗಾರ ಇಡುವ ತಿಜೋರಿಯಲ್ಲಿಯೇ ಇಡುತ್ತೇವೆ. ಮೋಡ ಕಂಡ ಕೂಡಲೇ ವಯರು ತೆಗೆಯುವುದು ಎಲ್ಲದಕ್ಕಿಂತ ಮೊದಲು.

ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2022ರಲ್ಲಿ ಕೇಂದ್ರ ಸರಕಾರ 63,000 ಸಂಘಗಳಿಗೆಂದು 2,516 ಕೋಟಿ ರೂಪಾಯಿಯ ಯೋಜನೆ ಮಂಜೂರು ಮಾಡಿತು. ಎಲ್ಲ ಅದರಲ್ಲೇ ಆಗುತ್ತದಲ್ಲ, ನಿಮ್ಮ ಪಟ್ಟಿ ಯಾಕೆ ಎಂದು ಕೇಳಿದವರುಂಟು. ಅದು ಲೆಕ್ಕಪತ್ರಕ್ಕೆ, ಸಾಲ ಠೇವಣಿಗೆ. ಅದೂ ಬೇಕು. ಆದರೆ ಕಾಳುಮೆಣಸಿನ ಸಸಿ ಕೇಳಿ ಸಿಗದೆ ಹಿಂದೆ ಹೋದವರ ಹೆಸರು ಅದರಲ್ಲಿ ಇರುವುದಿಲ್ಲ. ಎರಡೂ ಬೇರೆ ಬೇರೆ ಇರಲಿ. ಆದರೆ ಸದಸ್ಯರು ತೀರಿಕೊಂಡದ್ದು, ಹೆಸರು ವರ್ಗ ಆದದ್ದು ಆ ಕಡೆ ದಾಖಲಾದ ದಿನವೇ ಈ ಕಡೆಯೂ ಬರೆಯುವ ಜವಾಬ್ದಾರಿ ಒಬ್ಬರ ಮೇಲೆ ಇರಬೇಕು. ನಮ್ಮಲ್ಲಿ ಈಗ ಅದು ಒಬ್ಬ ಅಕ್ಕನ ಮೇಲೆ ಉಂಟು. ಅವರು ಅದನ್ನು ಒಂದು ದಿನವೂ ತಪ್ಪಿಸಿಲ್ಲ.

ಆ ಮೊದಲಿನ ತಾಯಿಯ ಹೆಸರೂ ಈಗ ಪಟ್ಟಿಯಲ್ಲಿ ಅವರದ್ದೇ ಸಾಲಿನಲ್ಲಿ ಉಂಟು. ಎರಡನೆಯ ಮೇಳಕ್ಕೆ ಕಾಗದ ಕಳುಹಿಸದೆ ನಾನೇ ಮನೆಗೆ ಹೋಗಿ ಹೇಳಿ ಬಂದೆ. ಅವರು ಬರಲಿಲ್ಲ. ಮೂರನೆಯದಕ್ಕೆ ಬಂದು ಇಪ್ಪತ್ತೈದು ಕಾಳುಮೆಣಸಿನ ಬಳ್ಳಿ ತೆಗೆದುಕೊಂಡು ಹೋದರು. ಅದರಲ್ಲಿ ಆರು ಸತ್ತವು, ಅದನ್ನೂ ಫೋನು ಮಾಡಿ ಹೇಳಿದರು, ನಾವು ಬರೆದುಕೊಂಡಿದ್ದೇವೆ. ಈ ವರ್ಷ ಬದಲಿ ಕೊಡಲಿಕ್ಕುಂಟು.

ಊಟಕ್ಕೆ ಕರೆಯುತ್ತಿದ್ದಾರೆ. ಹೊರಗೆ ಎಡಬದಿಯ ಮೇಜಿನಲ್ಲಿ ನಮ್ಮ ಸಿಬ್ಬಂದಿ ಕೂತಿದ್ದಾರೆ. ನಿಮ್ಮ ಮನೆ ಹೆಸರು ಹೇಳಿದರೆ ನಿಮ್ಮ ಸಾಲು ಮಾತ್ರ ಓದಿ ಹೇಳುತ್ತಾರೆ. ತಪ್ಪಿದ್ದರೆ ಸರಿ ಮಾಡಿಸಿ, ಫೋನು ನಂಬ್ರ ಬದಲಾಗಿದ್ದರೆ ಬರೆಸಿ. ಸಂದೇಶ ಬೇಡ ಎನ್ನುವವರು ಬೇಡ ಎಂದು ಹೇಳಿ, ಅದನ್ನೂ ಬರೆದುಕೊಳ್ಳುತ್ತಾರೆ, ಯಾರೂ ಬೇಜಾರು ಮಾಡುವುದಿಲ್ಲ. ಕೈ ತೊಳೆಯುವ ಮೊದಲು ಹೋಗಿ, ಆಮೇಲೆ ಸಾಲು ಉದ್ದ ಆಗುತ್ತದೆ.